ಹೊಸ್ತಿಲಲ್ಲಿ ಬಿಡುವ ಜೋಡು

ಕಳೆದ ಶನಿವಾರ ಒಂದು ಲೆಕ್ಕ ಇಟ್ಟೆ. ಬೆಳಿಗ್ಗೆ ಹಾಲಿಗೆ ಹೊರಟಾಗಿನಿಂದ ರಾತ್ರಿ ಮನೆ ಸೇರುವ ತನಕ ಎಷ್ಟು ಸಲ ಶೂ ಬಿಚ್ಚಿದೆ ಎಂಬ ಲೆಕ್ಕ. ಬೀದಿ ಕೊನೆಯ ಗಣಪತಿ ಗುಡಿ, ಮಗಳ ಸಂಗೀತದ ಮೇಷ್ಟ್ರ ಮನೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಗೃಹಪ್ರವೇಶ ಮುಗಿದು ತಿಂಗಳೂ ಆಗದ ಗೆಳೆಯನ ಫ್ಲ್ಯಾಟು, ಅವನ ಪಕ್ಕದ ಮನೆಯವರು ಕಾಫಿಗೆ ಕರೆದರೆಂದು ಅಲ್ಲಿಗೂ. ನಡುನಡುವೆ ನಮ್ಮ ಮನೆಗೇ ಬಂದು ಹೋದದ್ದೂ ಸೇರಿ ಒಟ್ಟು ಒಂಬತ್ತು. ಒಂಬತ್ತು ಸಲ ಬಿಚ್ಚಿ ಒಂಬತ್ತು ಸಲ ಮೆಟ್ಟಿದ್ದೆ.

ದಿನಬಳಕೆಗೆ ಒಂದು ಒಳ್ಳೆಯ ಸ್ನೀಕರ್ ಆರಿಸುವುದು ಹೇಗೆಂದು ಈಚೆಗೆ ಮೂವರು ಕೇಳಿದ್ದರು. ಕಾಲೇಜು ಮುಗಿಸಿ ಮೊದಲ ಕೆಲಸಕ್ಕೆ ಸೇರಿದ ಸೋದರಳಿಯ, ಹವಾಯಿ ಚಪ್ಪಲಿಯಲ್ಲಿ ನಡೆದರೆ ಹಿಮ್ಮಡಿ ನೋಯುತ್ತದೆ ಎನ್ನುವ ನಿವೃತ್ತ ಮೇಷ್ಟ್ರು, ಸೀರೆಗೂ ಒಪ್ಪುವಂಥದ್ದು ಬೇಕೆಂದ ಬ್ಯಾಂಕಿನ ಗೆಳತಿ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಮೂವರಿಗೂ ಹೇಳಿದ ಮೊದಲ ಮಾತು ಒಂದೇ. ಫೋನಿನಲ್ಲಿ ಕಂಡ ಚಿತ್ರವನ್ನು ಪಕ್ಕಕ್ಕಿಟ್ಟು ಮೊದಲು ನಿಮ್ಮ ದಿನವನ್ನು ನೋಡಿ. ನಮ್ಮ ದಿನದಲ್ಲಿ ಹೊಸ್ತಿಲುಗಳು ಬಹಳ. ಬೆಳಿಗ್ಗೆ ಕಟ್ಟಿದ ಲೇಸನ್ನು ರಾತ್ರಿ ಬಿಚ್ಚುವವರಿಗಾಗಿ ಬರೆದ ಸಲಹೆ ನಮಗೆ ಅರ್ಧ ಮಾತ್ರ ಹೊಂದುತ್ತದೆ.

ಕಾಲಗಂಟಿನ ಕೆಳಗೇ ಬಾಯಿ ಮುಗಿಯುವ ಸ್ನೀಕರ್‌ಗೆ ಲೋ-ಟಾಪ್ ಎನ್ನುತ್ತಾರೆ. ಗಂಟನ್ನು ಮುಚ್ಚಿಕೊಂಡು ಮೇಲೆ ಬರುವುದು ಹೈ-ಟಾಪ್. ಸ್ನೀಕರ್ ಎಂಬ ಹೆಸರೇ ರಬ್ಬರ್ ತಳದಿಂದ ಬಂದದ್ದು. ತೊಗಲಿನ ತಳದ ಬೂಟು ಟಕಟಕ ಸದ್ದು ಮಾಡುತ್ತಿದ್ದ ಕಾಲದಲ್ಲಿ ಇದು ಸದ್ದಿಲ್ಲದೆ ನುಸುಳಿ ಬರುತ್ತಿತ್ತು, ಇಂಗ್ಲಿಷಿನಲ್ಲಿ ಹಾಗೆ ನುಸುಳುವುದಕ್ಕಿರುವ ಪದವೇ ಶೂವಿಗೂ ಅಂಟಿತು. ಮೊದಮೊದಲು ಎತ್ತರದ ಶೂಗಳದೇ ಕಾರುಬಾರು. ಕಾನ್ವರ್ಸ್ ಕಂಪನಿ 1917ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರರಿಗಾಗಿ ತಂದ ಆಲ್ ಸ್ಟಾರ್ ಗಂಟಿನ ಮೇಲಕ್ಕೆ ಏರುತ್ತಿತ್ತು. ಅದರ ಗಿಡ್ಡ ರೂಪ ಬರಲು 1957ರ ತನಕ ಕಾಯಬೇಕಾಯಿತು. 1969ರಲ್ಲಿ ಅಡಿಡಾಸ್‌ನ ಸೂಪರ್‌ಸ್ಟಾರ್ ಬಂತು. ತೊಗಲಿನ ಮೇಲ್ಭಾಗ, ಮುಂದೆ ಚಿಪ್ಪಿನಂಥ ರಬ್ಬರ್, ಗಂಟಿನ ಕೆಳಗೇ ಮುಗಿಯುವ ಬಾಯಿ. ಈ ಗಿಡ್ಡ ಶೂ ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೇ ಇಳಿಯಿತು.

ಎತ್ತರದ ಶೂ ಕಾಲು ಉಳುಕದಂತೆ ಕಾಯುತ್ತದೆ ಎಂದು ಈಗಲೂ ಹಲವರು ನಂಬುತ್ತಾರೆ. 1993ರಲ್ಲಿ ಅಮೆರಿಕದ ಸಂಶೋಧಕರು ಕಾಲೇಜು ಮಟ್ಟದ 622 ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಬೇರೆಬೇರೆ ಎತ್ತರದ ಶೂ ಕೊಟ್ಟು ನೋಡಿದರು. ಶೂವಿನ ಎತ್ತರಕ್ಕೂ ಕಾಲು ಉಳುಕುವುದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಆಟಗಾರರ ಕತೆಯೇ ಹೀಗಿರುವಾಗ ಮೆಟ್ರೊ ಮೆಟ್ಟಿಲು ಹತ್ತುವ ನಮಗೆ ಗಿಡ್ಡ ಶೂ ಧಾರಾಳ ಸಾಕು. ಮೆಟ್ಟಲು ಸುಲಭ, ಬಿಡಲು ಸುಲಭ, ಸೆಕೆಗೆ ಹಗುರ.

ಇನ್ನು ಅಳತೆ. ಹೆಚ್ಚಿನವರು ಎಡವುವುದು ಇಲ್ಲಿಯೇ, ನಾನೂ ಎಡವಿದ್ದೆ. ನಾಲ್ಕು ವರ್ಷದ ಹಿಂದೆ ತೆಳ್ಳಗೆ, ನೀಳವಾಗಿ, ಹಾಲಿನಂತೆ ಬೆಳ್ಳಗಿದ್ದ ಒಂದು ಜೋಡಿಯನ್ನು ಚಿತ್ರ ನೋಡಿಯೇ ತರಿಸಿಕೊಂಡೆ. ನನ್ನ ನಂಬರು ಎಂಟು, ಬಂದದ್ದೂ ಎಂಟು. ಉದ್ದಕ್ಕೆ ಸರಿಯಾಗಿತ್ತು. ಹದಿನೈದು ದಿನದಲ್ಲಿ ಎರಡೂ ಕಿರುಬೆರಳುಗಳ ಹೊರಬದಿಯಲ್ಲಿ ಬೊಬ್ಬೆ ಎದ್ದಿತು. ಪಳಗಿದರೆ ಸರಿಹೋಗುತ್ತದೆ ಎಂದು ಮೂರು ತಿಂಗಳು ಸಹಿಸಿದೆ. ತಪ್ಪು ನಂಬರಿನಲ್ಲಿ ಇರಲೇ ಇಲ್ಲ, ಅಗಲದಲ್ಲಿತ್ತು.

ನಮ್ಮ ಪಾದ ಅಗಲ. ಇದು ಬರೀ ಅನಿಸಿಕೆಯಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಸ್ಕ್ಯಾನರ್‌ನಲ್ಲಿ ಅಳೆಯಿತು. ಸರಾಸರಿಯಲ್ಲಿ ಭಾರತೀಯರ ಪಾದ ಯುರೋಪು, ಅಮೆರಿಕದವರ ಪಾದಕ್ಕಿಂತ ಅಗಲವೆಂದು ಕಂಡುಬಂತು. ಅಗಲ ಸಾಲದೆ ನಮ್ಮ ಜನ ಒಂದು ನಂಬರು ದೊಡ್ಡದನ್ನೇ ಕೊಳ್ಳುತ್ತಾರೆ, ಆಗ ಉದ್ದ ಹೆಚ್ಚಾಗಿ ಹಿಮ್ಮಡಿ ಜಾರುತ್ತದೆ. ಅದಕ್ಕೆಂದೇ ಸಂಸ್ಥೆ ಭಾರತದ ಪಾದಕ್ಕೆ ತಕ್ಕ ಹೊಸ ಅಳತೆಯ ಪದ್ಧತಿಯೊಂದನ್ನು ಸೂಚಿಸಿತು. ಅದಕ್ಕೆ ಇಟ್ಟ ಹೆಸರು 'ಭ'. ಭಾರತದ ಭ.

ಅಂಗಡಿಗಳಲ್ಲಿ ಈಗಲೂ ಓಡುತ್ತಿರುವುದು ಬ್ರಿಟಿಷರ ನಂಬರೇ. ಅದರ ಮೂಲ ಬಾರ್ಲಿ ಕಾಳು. ಮೂರು ಕಾಳು ಉದ್ದಕ್ಕಿಟ್ಟರೆ ಒಂದು ಇಂಚು ಎಂಬುದು ಅಲ್ಲಿನ ಹಳೆಯ ಲೆಕ್ಕ, ಒಂದು ನಂಬರಿಗೂ ಇನ್ನೊಂದಕ್ಕೂ ಇರುವ ಅಂತರ ಒಂದು ಕಾಳು, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಯುರೋಪಿನ 41, 42ರ ಲೆಕ್ಕದಲ್ಲಿ ಅಂತರ ಇನ್ನೂ ಚಿಕ್ಕದು, ಆರೂಮುಕ್ಕಾಲು ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ಈ ಎರಡೂ ಉದ್ದದ ಮಾತನ್ನಷ್ಟೇ ಆಡುತ್ತವೆ, ಅಗಲದ ಸುದ್ದಿಗೆ ಹೋಗುವುದಿಲ್ಲ. ನ್ಯೂ ಬ್ಯಾಲೆನ್ಸ್‌ನಂಥ ಕೆಲವು ಕಂಪನಿಗಳು ಮಾತ್ರ ಒಂದೇ ಉದ್ದದಲ್ಲಿ ಬೇರೆಬೇರೆ ಅಗಲ ಮಾಡುತ್ತವೆ. ಗಂಡಸರ ಸಾಮಾನ್ಯ ಅಗಲಕ್ಕೆ ಡಿ, ಅದಕ್ಕಿಂತ ಅಗಲವಾದದ್ದಕ್ಕೆ 2ಇ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ.

ಅಗಲದ ಜೊತೆಗೆ ಆಕಾರವೂ ಇದೆ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ಪಾದಕ್ಕೂ ಮುಚ್ಚಿದ ಬೂಟಿನಲ್ಲಿ ಬೆಳೆದ ಪಾದಕ್ಕೂ ವ್ಯತ್ಯಾಸವಿದೆ. ಇದರ ಬಗ್ಗೆ ಜಗತ್ತಿನ ಮೂಳೆ ವೈದ್ಯರು ಇಂದಿಗೂ ಉಲ್ಲೇಖಿಸುವ ಒಂದು ಅಧ್ಯಯನ ನಮ್ಮ ಮಣಿಪಾಲದಿಂದಲೇ ಬಂದದ್ದು. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಇಬ್ಬರು ವೈದ್ಯರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದ, ಹಾಕದವರಲ್ಲಿ ಶೇ 2.8 ಮಾತ್ರ. ಹಾಕುವವರ ಪೈಕಿಯೂ ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಕಡಿಮೆ. ಶೂ ಬರೀ ಪಾದವನ್ನು ಮುಚ್ಚುವುದಿಲ್ಲ, ಬೆಳೆಯುವ ಪಾದವನ್ನು ತಿದ್ದುತ್ತದೆ. ಬೆರಳುಗಳಿಗೆ ಹರಡಿಕೊಳ್ಳುವ ಜಾಗವಿಲ್ಲದ ಶೂವನ್ನು ಮಕ್ಕಳಿಗಂತೂ ಕೊಡಿಸಲೇಬಾರದು.

ಹಾಗಾದರೆ ಅಗಲ ಅಳೆಯುವುದು ಹೇಗೆ? ಹಿಂದೆ ಊರಲ್ಲಿ ಚಪ್ಪಲಿ ಮಾಡಿಕೊಡುವವರು ಹಾಳೆಯ ಮೇಲೆ ಕಾಲಿಡಿಸಿ ಸುತ್ತ ಗೆರೆ ಎಳೆದುಕೊಳ್ಳುತ್ತಿದ್ದರು. ಅದಕ್ಕಿಂತ ಒಳ್ಳೆಯ ದಾರಿ ಈಗಲೂ ಇಲ್ಲ. ಸಂಜೆ ಹೊತ್ತು, ದಿನವಿಡೀ ನಡೆದು ಪಾದ ಸ್ವಲ್ಪ ಊದಿದಾಗ, ಎರಡೂ ಪಾದಗಳ ಗೆರೆ ಎಳೆಯಿರಿ. ಕುಳಿತು ಎಳೆಯಬೇಡಿ. ನಿಂತು, ಮೈಭಾರ ಬಿಟ್ಟು, ಇನ್ನೊಬ್ಬರ ಕೈಲಿ ಎಳೆಸಿ. ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಿರುವುದು ಸಾಮಾನ್ಯ, ದೊಡ್ಡದಕ್ಕೆ ಶೂ ಕೊಳ್ಳಬೇಕು. ಆ ಹಾಳೆಯನ್ನು ಕತ್ತರಿಸಿ ಅಂಗಡಿಗೆ ಒಯ್ಯಿರಿ. ಶೂವಿನ ಒಳಹಾಸನ್ನು ಹೊರಗೆಳೆದು ಅದರ ಮೇಲೆ ಹಾಳೆ ಇಟ್ಟು ನೋಡಿ. ಇಲ್ಲವೇ ಒಳಹಾಸಿನ ಮೇಲೆ ನೀವೇ ನಿಂತು ನೋಡಿ. ಕಿರುಬೆರಳು ಅಂಚಿನಾಚೆ ಇಳಿದರೆ ಆ ಶೂ ನಿಮ್ಮದಲ್ಲ. ಎಷ್ಟೇ ಚೆಂದವಿದ್ದರೂ, ಎಷ್ಟೇ ರಿಯಾಯಿತಿ ಇದ್ದರೂ ಅಲ್ಲ. ಮುಂದುಗಡೆ, ನಿಮ್ಮ ಅತಿ ಉದ್ದದ ಬೆರಳಿನಿಂದ ಶೂವಿನ ತುದಿಯವರೆಗೆ ಒಂದು ಸೆಂಟಿಮೀಟರ್ ಬಿಡುವಿರಲಿ. ಆ ಉದ್ದದ ಬೆರಳು ಹೆಬ್ಬೆರಳೇ ಆಗಿರಬೇಕಿಲ್ಲ, ಎಷ್ಟೋ ಜನರಿಗೆ ಎರಡನೆಯದು ಉದ್ದ.

ಹೊಸ್ತಿಲಿನ ವಿಷಯಕ್ಕೆ ಬರುತ್ತೇನೆ. ನಾವು ಶೂವನ್ನು ಕೊಲ್ಲುವುದು ಹಿಂಭಾಗದಿಂದ. ಬಗ್ಗಲು ಬೇಜಾರು, ಕೈಯಲ್ಲಿ ಹೂವಿನ ಬುಟ್ಟಿಯೋ ಪ್ರಸಾದದ ದೊನ್ನೆಯೋ ಇರುತ್ತದೆ, ಕಾಲನ್ನು ಹಾಗೇ ತುರುಕಿ ಹಿಂಭಾಗವನ್ನು ಮೆಟ್ಟಿಬಿಡುತ್ತೇವೆ. ಆರು ತಿಂಗಳಲ್ಲಿ ಅದು ಮಡಚಿ ಚಪ್ಪಲಿಯಾಗುತ್ತದೆ. ಶೂವಿನ ಹಿಂಭಾಗದೊಳಗೆ ಹಿಮ್ಮಡಿಯನ್ನು ಹಿಡಿದಿಡುವ ಒಂದು ಗಟ್ಟಿ ತುಂಡು ಇರುತ್ತದೆ. ಅಂಗಡಿಯಲ್ಲಿ ಅದನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಹಲಗೆಯಂತೆ ಗಟ್ಟಿಯಾಗಿದ್ದು ಒತ್ತಿದರೂ ಮತ್ತೆ ಸೆಟೆದು ನಿಂತರೆ ಒಳ್ಳೆಯದು. ರಟ್ಟಿನಂತೆ ಕುಸಿದರೆ ಬಿಡಿ. ಅದರ ಅಂಚಿಗೆ ಹೊಲಿದ ಮೆತ್ತೆ ದಪ್ಪವಿರಲಿ, ಒಳಬದಿಯ ಬಟ್ಟೆ ನಯವಾಗಿರಲಿ. ದಿನಕ್ಕೆ ಒಂಬತ್ತು ಸಲ ಹಿಮ್ಮಡಿ ಉಜ್ಜುವ ಜಾಗ ಅದು, ಮೊದಲು ಹರಿಯುವುದೂ ಅದೇ.

ಲೇಸನ್ನು ಮೇಲಿನ ಕೊನೆಯ ತೂತಿಗೆ ಪೋಣಿಸದೆ ಒಂದು ಕೆಳಗೇ ನಿಲ್ಲಿಸಿ ಸಡಿಲ ಕಟ್ಟಿದರೆ ಬಿಚ್ಚದೆಯೇ ಕಾಲು ಜಾರಿಸಬಹುದು. ಎಳೆದರೆ ಹಿಗ್ಗುವ ಎಲಾಸ್ಟಿಕ್ ಲೇಸು ಹಾಕಿಸಿದರೆ ಇನ್ನೂ ಸುಲಭ. ನಿವೃತ್ತ ಮೇಷ್ಟ್ರಿಗೆ ಅದನ್ನೇ ಹೇಳಿದೆ. ಕೆಲವು ಕಂಪನಿಗಳು ಈಗ ಕೈ ತಾಗಿಸದೆ ಮೆಟ್ಟುವಂತೆ ಹಿಂಭಾಗವನ್ನೇ ಬಾಗಿಸಿ ಮಾಡುತ್ತವೆ, ವಯಸ್ಸಾದವರಿಗೆ, ಬೆನ್ನುನೋವಿನವರಿಗೆ ಅವು ನಿಜವಾದ ಉಪಕಾರ. ಬಾಗಿಲ ಪಕ್ಕದ ಮೊಳೆಗೆ ಒಂದು ಸ್ಟೀಲಿನ ಶೂಹಾರ್ನ್ ತಗುಲಿಹಾಕಿ. ಐವತ್ತು, ನೂರು ರೂಪಾಯಿಯ ವಸ್ತು ಸಾವಿರಾರು ರೂಪಾಯಿಯ ಶೂವನ್ನು ಉಳಿಸುತ್ತದೆ.

ಈಗ ತಳಕ್ಕೆ ಬರೋಣ. ನಾನು ಶೂವನ್ನು ಕೈಗೆತ್ತಿಕೊಂಡರೆ ಮೊದಲು ತಿರುಗಿಸಿ ನೋಡುವುದು ತಳವನ್ನೇ. ಸ್ನೀಕರ್ ಎಷ್ಟು ದಿನ ಬಾಳುತ್ತದೆ, ಹೇಗೆ ನಡೆಯುತ್ತದೆ, ಕೆಟ್ಟರೆ ರಿಪೇರಿ ಆಗುತ್ತದೋ ಇಲ್ಲವೋ, ಎಲ್ಲವನ್ನೂ ತಳ ಹೇಳುತ್ತದೆ.

ನಮ್ಮಲ್ಲಿ ಬಹಳ ಜನರ ಮೊದಲ ಸ್ನೀಕರ್ ಶನಿವಾರದ ಬಿಳಿ ಕ್ಯಾನ್ವಾಸ್ ಶೂ. ಶನಿವಾರ ಬಿಳಿ ಸಮವಸ್ತ್ರ, ಬಿಳಿ ಶೂ, ಬೆಳಗಿನ ಶಾಲೆ, ಡ್ರಿಲ್. ಶುಕ್ರವಾರ ಸಂಜೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ, ಬಿಳಿ ಪಾಲಿಶ್ ಬಳಿದು, ಜಗಲಿಕಟ್ಟೆಯ ಮೇಲೆ ಒರಗಿಸಿಡುತ್ತಿದ್ದೆವು. ಮರೆತವರು ಪ್ರಾರ್ಥನೆಗೆ ಮೊದಲು ಸೀಮೆಸುಣ್ಣ ಉಜ್ಜಿ ಪಾರಾಗುತ್ತಿದ್ದರು. ಬಾಟಾ ಕಂಪನಿ ತನ್ನ 'ಟೆನಿಸ್' ಶೂವನ್ನು 1936ರಲ್ಲಿ ಭಾರತದ ಶಾಲಾಮಕ್ಕಳ ವ್ಯಾಯಾಮಕ್ಕೆಂದೇ ರೂಪಿಸಿತ್ತು. ಆ ಶೂ, ಕಾನ್ವರ್ಸ್, ವ್ಯಾನ್ಸ್, ಇಟಲಿಯ ಸುಪರ್ಗಾ, ಎಲ್ಲವೂ ಒಂದೇ ವಂಶದವು. ರಬ್ಬರನ್ನು ಗಂಧಕದೊಂದಿಗೆ ಕಾಯಿಸಿದರೆ ಅದು ಬಿಸಿಲಿಗೆ ಅಂಟಾಗದೆ, ಚಳಿಗೆ ಬಿರುಕು ಬಿಡದೆ ನಿಲ್ಲುತ್ತದೆ ಎಂದು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ, ಪೇಟೆಂಟ್ ಪಡೆದದ್ದು 1844ರಲ್ಲಿ. ವಲ್ಕನೈಸ್ ಮಾಡುವುದು ಎಂದರೆ ಇದೇ. ಈ ಬಗೆಯ ಶೂ ಮಾಡುವಾಗ ಕ್ಯಾನ್ವಾಸಿನ ಮೇಲ್ಭಾಗಕ್ಕೆ ಹಸಿ ರಬ್ಬರಿನ ತಳ ಸೇರಿಸಿ, ಸುತ್ತಲೂ ರಬ್ಬರ್ ಪಟ್ಟಿ ಸುತ್ತಿ, ಇಡೀ ಶೂವನ್ನೇ ಕಾವಿನ ಕೋಣೆಯಲ್ಲಿಟ್ಟು ಬೇಯಿಸುತ್ತಾರೆ. ತಳ ತೆಳ್ಳಗೆ, ಬಳುಕುತ್ತದೆ, ನೆಲದ ಉಬ್ಬುತಗ್ಗು ಅಂಗಾಲಿಗೆ ತಿಳಿಯುತ್ತದೆ. ಮೊದಲ ದಿನದಿಂದಲೇ ಹಿತ. ಆದರೆ ಬೆರಳು ಮಡಚುವ ಜಾಗದಲ್ಲಿ ಆ ಪಟ್ಟಿ ಕ್ರಮೇಣ ಬಿಡುತ್ತದೆ, ಗಟ್ಟಿ ಕಾಂಕ್ರೀಟಿನ ಮೇಲೆ ಬಹಳ ಹೊತ್ತು ನಿಲ್ಲುವವರಿಗೆ ಹಿಮ್ಮಡಿ ನೋಯುತ್ತದೆ.

ಎರಡನೆಯದು ಬಟ್ಟಲಿನ ತಳ. ಕಪ್‌ಸೋಲ್ ಎನ್ನುತ್ತಾರೆ. ರಬ್ಬರನ್ನು ಆಳವಿಲ್ಲದ ಬಟ್ಟಲಿನಂತೆ ಅಚ್ಚಿನಲ್ಲಿ ಮೊದಲೇ ಮಾಡಿಕೊಂಡು, ಅದರೊಳಗೆ ಶೂವಿನ ಮೇಲ್ಭಾಗವನ್ನು ಕೂರಿಸಿ, ಅಂಟಿಸಿ, ಸುತ್ತಲೂ ಹೊಲಿಯುತ್ತಾರೆ. ಶೂವಿನ ಬದಿಯಲ್ಲಿ, ತಳದ ಗೋಡೆಯ ಮೇಲಂಚಿಗೆ ಒಂದು ಕಾಲುವೆಯಂಥ ಗೀರು, ಅದರೊಳಗೆ ಹೊಲಿಗೆ ಕಂಡರೆ ಅದು ಕಪ್‌ಸೋಲ್. ಅಡಿಡಾಸ್‌ನ ಸ್ಟ್ಯಾನ್ ಸ್ಮಿತ್, ಸೂಪರ್‌ಸ್ಟಾರ್, ನೈಕಿಯ ಏರ್ ಫೋರ್ಸ್ 1 ಎಲ್ಲ ಈ ಬಗೆಯವು. ಮೊದಲ ವಾರ ಬಿಗಿ, ಭಾರವೂ ಹೆಚ್ಚು. ಆದರೆ ಬಾಳಿಕೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಹೊಲಿಗೆ ಬಿಟ್ಟರೆ ಬಸ್ ಸ್ಟ್ಯಾಂಡ್ ಪಕ್ಕದ ಗೂಡಂಗಡಿಯಲ್ಲಿ ಅದೇ ಗೀರಿನಲ್ಲಿ ಮತ್ತೆ ಹೊಲಿದು ಕೊಡುತ್ತಾರೆ. ದಿನಬಳಕೆಗೆ ಒಂದೇ ಜೋಡಿ ಎಂದಾದರೆ ನಾನು ಹೇಳುವುದು ಇದನ್ನೇ. ಮೋಸಕ್ಕೂ ದಾರಿಯಿದೆ: ಕೆಲವು ಅಗ್ಗದ ಶೂಗಳಲ್ಲಿ ಹೊಲಿಗೆಯ ಚಿತ್ರವನ್ನೇ ರಬ್ಬರಿನಲ್ಲಿ ಅಚ್ಚೊತ್ತಿರುತ್ತಾರೆ. ಉಗುರಿನಿಂದ ಕೆರೆದು ನೋಡಿ, ನಿಜವಾದ ದಾರ ಕೈಗೆ ಸಿಗುತ್ತದೆ.

ಮೂರನೆಯದು ನೊರೆಯಂಥ ಹಗುರ ತಳ. ಹೆಚ್ಚಾಗಿ ಇವಿಎ ಎಂಬ ವಸ್ತು. ಹತ್ತಿಯ ಮೇಲೆ ನಡೆದ ಹಾಗಿರುತ್ತದೆ, ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ದಿನವಿಡೀ ನಿಲ್ಲುವವರಿಗೆ ಒಳ್ಳೆಯದು. ತಿಂಗಳುಗಳು ಕಳೆದಂತೆ ಕುಗ್ಗಿ ಗಟ್ಟಿಯಾಗುತ್ತದೆ, ರಿಪೇರಿಯ ಮಾತಿಲ್ಲ.

ಇದೇ ಗುಂಪಿನ ಪಾಲಿಯುರೆಥೇನ್, ಅಂದರೆ ಪಿಯು ತಳದ ಬಗ್ಗೆ ಕರಾವಳಿ, ಮಲೆನಾಡಿನವರಿಗೆ ಬೇರೆಯಾಗಿಯೇ ಒಂದು ಮಾತು ಹೇಳಬೇಕು. ಗಾಳಿಯ ತೇವ ಪಿಯುವಿನೊಳಗೆ ಸೇರಿ ಅದರ ಅಣುಗಳ ಬೆಸುಗೆಯನ್ನೇ ಬಿಡಿಸುತ್ತಾ ಹೋಗುತ್ತದೆ. ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಇದು ನಿಲ್ಲುವುದಿಲ್ಲ. ಉಡುಪಿಯಲ್ಲಿರುವ ನನ್ನ ಅತ್ತೆಗೆ ಮಗ ತಂದುಕೊಟ್ಟ ದುಬಾರಿ ಜೋಡಿಯೊಂದು ಇತ್ತು. ಹಾಳಾದೀತೆಂದು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಆರು ವರ್ಷ ಜೋಪಾನ ಮಾಡಿದ್ದರು. ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆಂದು ಹೊರತೆಗೆದು ಮೆಟ್ಟಿದರೆ ಗೇಟು ದಾಟುವಷ್ಟರಲ್ಲಿ ತಳ ಪುಡಿಬೆಲ್ಲದ ಹಾಗೆ ಉದುರಿತು. ಅವರಿಗೆ ಎಷ್ಟು ನೋವಾಯಿತೆಂದು ನಾನು ಕಣ್ಣಾರೆ ಕಂಡೆ. ಅಂಥ ಶೂವನ್ನು ಎತ್ತಿಡಬೇಡಿ. ಕೊಂಡ ದಿನದಿಂದಲೇ ಮೆಟ್ಟಿ.

ತಳದ ಗೆರೆಗಳನ್ನೂ ನೋಡಬೇಕು. ನಮ್ಮ ಅಪಾರ್ಟ್‌ಮೆಂಟಿನ ಒದ್ದೆ ಟೈಲು, ಮೆಟ್ರೊ ನಿಲ್ದಾಣದ ನುಣುಪು ಗ್ರಾನೈಟು, ಮಳೆಗಾಲದ ಪಾಚಿಗಟ್ಟಿದ ಅಂಗಳ ಮೂರೂ ಜಾರುವ ಜಾಗಗಳೇ. ಮೀನಿನ ಮುಳ್ಳಿನಂತೆ ಅಡ್ಡಡ್ಡ ಕೊರೆದ ಗೆರೆಗಳಿದ್ದು, ಉಗುರು ಒತ್ತಿದರೆ ಸ್ವಲ್ಪ ಒಳಗಿಳಿಯುವ ಮೆದು ರಬ್ಬರಾದರೆ ಹಿಡಿತ ಇರುತ್ತದೆ. ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ ಹೊಳೆಯುವ ತಳವನ್ನು ಮುಟ್ಟಲೇಬೇಡಿ, ಮನೆಯಲ್ಲಿ ಹಿರಿಯರಿದ್ದರಂತೂ ಖಂಡಿತ ಬೇಡ. ಕೊನೆಯದಾಗಿ ಶೂವಿನ ಎರಡೂ ತುದಿ ಹಿಡಿದು ಬಗ್ಗಿಸಿ ನೋಡಿ. ಬೆರಳು ಮಡಚುವ ಜಾಗದಲ್ಲಿ ಬಾಗಬೇಕು. ನಟ್ಟನಡುವೆ ಪುಸ್ತಕದಂತೆ ಮಡಚಿದರೆ ಪಾದದ ಕಮಾನಿಗೆ ಅದು ಆಸರೆ ಕೊಡುವುದಿಲ್ಲ.

ಮೇಲ್ಭಾಗ ತೊಗಲೋ ಬಟ್ಟೆಯೋ ಎಂಬುದು ನಿಮ್ಮ ಊರಿನ ಮಳೆ, ನಿಮ್ಮ ಗಾಡಿ, ನಿಮ್ಮ ತಾಳ್ಮೆಗೆ ಬಿಟ್ಟದ್ದು. ಗೇರ್ ಇರುವ ಬೈಕ್ ಓಡಿಸುವವರು ತಮ್ಮ ಹಳೆಯ ಶೂಗಳನ್ನೊಮ್ಮೆ ನೋಡಿಕೊಳ್ಳಲಿ. ಎಡಗಾಲಿನ ಶೂವಿನ ನೆತ್ತಿ ಗೇರಿನ ಕಡ್ಡಿಗೆ ಉಜ್ಜಿ ಕಪ್ಪಾಗಿರುತ್ತದೆ, ಕ್ಯಾನ್ವಾಸಾದರೆ ತೂತೇ ಬಿದ್ದಿರುತ್ತದೆ. ಅವರಿಗೆ ನಯವಾದ ತೊಗಲು ಸರಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಸ್ವೀಡ್, ಅಂದರೆ ತೊಗಲಿನ ಒಳಮೈಯನ್ನು ಮಖಮಲ್ಲಿನಂತೆ ಮಾಡಿದ್ದು, ನೋಡಲು ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ ಕಡೆಯವರು ಅದನ್ನು ಕನಸಿನಲ್ಲೂ ಮೆಟ್ಟುವ ಹಾಗಿಲ್ಲ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಕ್ಯಾನ್ವಾಸ್ ಅಥವಾ ಬಲೆಯಂತೆ ಹೆಣೆದ ಬಟ್ಟೆಯೇ ವಾಸಿ. ಎರಡೂ ಪಾದಗಳಲ್ಲಿ ಸೇರಿ ಸುಮಾರು ಎರಡೂವರೆ ಲಕ್ಷ ಬೆವರು ಗ್ರಂಥಿಗಳಿವೆ, ಆ ಬೆವರು ಎಲ್ಲಿಗಾದರೂ ಹೋಗಬೇಕಲ್ಲ.

ತೊಗಲೆಂದು ಹೇಳಿ ಮಾರುವುದೆಲ್ಲ ತೊಗಲಲ್ಲ. ಶೂವಿನ ನಾಲಿಗೆಯ ಹಿಂದೆಯೋ ಪೆಟ್ಟಿಗೆಯ ಮೇಲೋ ಪುಟ್ಟ ಚಿತ್ರಗಳಿರುತ್ತವೆ. ಯುರೋಪಿನಲ್ಲಿ 1994ರ ನಿಯಮವೊಂದು ಇವನ್ನು ಕಡ್ಡಾಯ ಮಾಡಿತು, ಅಲ್ಲಿಗೂ ಮಾರುವ ಕಂಪನಿಗಳ ಶೂಗಳಲ್ಲಿ ಇಲ್ಲಿಯೂ ಅದೇ ಗುರುತು ಕಾಣುತ್ತದೆ. ಹರವಿದ ಚರ್ಮದ ಆಕಾರವಿದ್ದರೆ ತೊಗಲು. ಅದರೊಳಗೆ ವಜ್ರಾಕೃತಿ ಇದ್ದರೆ ಮೇಲೆ ಲೇಪ ಬಳಿದ ತೊಗಲು. ಬಲೆಯ ಚಿತ್ರವಿದ್ದರೆ ಬಟ್ಟೆ. ಬರೀ ವಜ್ರಾಕೃತಿ ಇದ್ದರೆ ಕೃತಕ ವಸ್ತು. ಪ್ರಸಿದ್ಧ ಹೆಸರನ್ನು ನಂಬಿಯೂ ಕೊಳ್ಳುವಂತಿಲ್ಲ. ಟೆನಿಸ್ ಅಂಗಳದಿಂದ ಬೀದಿಗೆ ಬಂದು ಬಿಳಿ ಸ್ನೀಕರ್ ಎಂದರೆ ಇದೇ ಎನ್ನುವಷ್ಟು ಹೆಸರಾದ ಸ್ಟ್ಯಾನ್ ಸ್ಮಿತ್ ದಶಕಗಳ ಕಾಲ ತೊಗಲಿನದೇ ಆಗಿತ್ತು. 2021ರಲ್ಲಿ ಕಂಪನಿ ಅದರ ಸಾಮಾನ್ಯ ಮಾದರಿಯನ್ನು ಮರುಬಳಕೆಯ ಪ್ಲಾಸ್ಟಿಕ್ ಸೇರಿದ ಕೃತಕ ವಸ್ತುವಿಗೆ ಬದಲಿಸಿತು. ಪ್ರಾಣಿಯ ಚರ್ಮ ಬೇಡವೆನ್ನುವವರಿಗೆ ಅದು ಸಂತೋಷದ ಸುದ್ದಿ. ತೊಗಲೇ ಬೇಕೆನ್ನುವವರು ಆ ಪುಟ್ಟ ಚಿತ್ರ ನೋಡಿ ಕೊಳ್ಳಬೇಕು. ಒಳ್ಳೆಯ ತೊಗಲು ನಿಧಾನವಾಗಿ ಪಾದದ ಆಕಾರಕ್ಕೆ ಒಗ್ಗುತ್ತದೆ, ಕೃತಕವಾದದ್ದು ಮೊದಲ ದಿನ ಹೇಗಿತ್ತೋ ಕೊನೆಯವರೆಗೂ ಹಾಗೇ ಇದ್ದು ಒಂದು ದಿನ ಬಿರಿಯುತ್ತದೆ.

ಇಷ್ಟಾದ ಮೇಲೆ ಅಂದ. ಅಂದ ಮುಖ್ಯವಲ್ಲ ಎಂದು ನಾನು ಹೇಳುವುದಿಲ್ಲ. ಹಿಡಿಸದ ಶೂವನ್ನು ಯಾರೂ ಮೆಟ್ಟುವುದಿಲ್ಲ, ಮೂಲೆಗೆ ಹಾಕುತ್ತಾರೆ. ಲೋ-ಟಾಪಿನ ಚೆಲುವಿರುವುದು ಅದರ ಗೆರೆಯಲ್ಲಿ: ಹಿಮ್ಮಡಿಯಿಂದ ಬೆರಳ ತುದಿಯವರೆಗೆ ತಡೆಯಿಲ್ಲದೆ ಇಳಿಯುವ ಗೆರೆ. ಪ್ಯಾಂಟಿನ ಅಂಚು ಅದರ ಮೇಲೆ ಮುದುಡಿ ಬೀಳಬಾರದು, ಕಾಲಗಂಟಿನ ಬಳಿ ಮುಗಿಯಬೇಕು. ಕಿರಿದಾದ ಪ್ಯಾಂಟಿಗೆ ತೆಳು ತಳ, ಅಗಲ ಪ್ಯಾಂಟಿಗೆ ಸ್ವಲ್ಪ ದಪ್ಪ ತಳ. ಲೋಗೊ ಚಿಕ್ಕದಿದ್ದಷ್ಟೂ ಹೆಚ್ಚು ಬಟ್ಟೆಗಳ ಜೊತೆ ಹೊಂದುತ್ತದೆ.

ಬಣ್ಣದ ವಿಷಯದಲ್ಲಿ ಎಲ್ಲರೂ ಅಪ್ಪಟ ಬಿಳಿಗೆ ಬೀಳುತ್ತಾರೆ. ನನ್ನ ಆಯ್ಕೆ ಕೆನೆಬಿಳಿ ಅಥವಾ ಬೂದುಬಣ್ಣ, ಅದಕ್ಕೆ ಜೇನುಬಣ್ಣದ ಗಮ್ ರಬ್ಬರಿನ ತಳ. ಹೆಪ್ಪುಗಟ್ಟಿದ ಮೈದಾನದಲ್ಲಿ ಫುಟ್‌ಬಾಲ್ ಆಡಲೆಂದು ಜರ್ಮನಿಯಲ್ಲಿ ಹುಟ್ಟಿದ ಸಾಂಬಾ ಶೂವಿನ ತಳ ಅಂಥದ್ದು. ಬಿಳಿ ತಳಕ್ಕೆ ನಮ್ಮ ಕೆಮ್ಮಣ್ಣು ಹತ್ತಿದರೆ ಬಿಡುವುದಿಲ್ಲ, ಜೇನುಬಣ್ಣಕ್ಕೆ ಹತ್ತಿದರೂ ಕಾಣುವುದಿಲ್ಲ.

ಬ್ಯಾಂಕಿನ ಗೆಳತಿಗೆ ಹೇಳಿದ್ದು ಬೇರೆಯೇ. ಸೀರೆಗೆ ತೆಳು ತಳದ, ಮುಂಭಾಗ ದುಂಡಗಿದ್ದು ಉಬ್ಬಿರದ ಲೋ-ಟಾಪ್ ಒಪ್ಪುತ್ತದೆ. ಲೇಸಿನ ತುದಿಗಳನ್ನು ಒಳಗೆ ಸೇರಿಸಬೇಕು, ಇಲ್ಲವಾದರೆ ಸೀರೆಯ ಫಾಲ್ ಸಿಕ್ಕಿಕೊಳ್ಳುತ್ತದೆ. ನೆರಿಗೆಯನ್ನು ಶೂ ಮೆಟ್ಟಿಕೊಂಡೇ ಹಿಡಿಯಬೇಕು. ಬರಿಗಾಲಲ್ಲಿ ಉಟ್ಟು ಆಮೇಲೆ ಶೂ ಮೆಟ್ಟಿದರೆ ಅಂಚು ಮೇಲಕ್ಕೇರಿ ಅಳತೆ ತಪ್ಪುತ್ತದೆ. ಮನೆಯೊಳಗೆ ಶೂ ಹೇಗೆ ತರಲಿ ಎಂದರು. ಹೊಸದಿರುವಾಗಲೇ, ಹೊರಗೆ ಮೆಟ್ಟುವ ಮೊದಲು, ಹಾಳೆ ಹಾಸಿ ಅದರ ಮೇಲೆ ನಿಂತು ಒಮ್ಮೆ ಉಟ್ಟು ನೋಡಿ ಎಂದೆ. ಅಂಚು ಎಲ್ಲಿಗೆ ಬರಬೇಕೆಂದು ತಿಳಿದ ಮೇಲೆ ಕೈ ತಾನೇ ಲೆಕ್ಕ ಹಿಡಿಯುತ್ತದೆ.

ಬೆಲೆಯ ಬಗ್ಗೆ ಎರಡೇ ಮಾತು. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18. ಆ ಗೆರೆಯ ಕೆಳಗೇ ಒಳ್ಳೆಯ ಕ್ಯಾನ್ವಾಸ್ ಶೂಗಳು, ಕೃತಕ ವಸ್ತುವಿನ ಗಟ್ಟಿ ಶೂಗಳು ಸಿಗುತ್ತವೆ. ನಿಜವಾದ ತೊಗಲಿನ ಮೇಲ್ಭಾಗ, ಹೊಲಿದ ಕಪ್‌ಸೋಲ್ ಎರಡೂ ಬೇಕೆಂದರೆ ಸಾಮಾನ್ಯವಾಗಿ ಗೆರೆ ದಾಟಬೇಕಾಗುತ್ತದೆ. 'ಫಸ್ಟ್ ಕಾಪಿ' ಎಂದು ಬೀದಿಯಲ್ಲಿ ಮಾರುವ ನಕಲಿಗಳ ಕಡೆ ನೋಡಬೇಡಿ. ಅದೇ ದುಡ್ಡಿಗೆ ತನ್ನದೇ ಹೆಸರಿನಲ್ಲಿ ಮಾರುವ ಇಲ್ಲಿನ ಕಂಪನಿಯ ಶೂ ಸಿಗುತ್ತದೆ. ಆಂಬೂರು, ರಾಣಿಪೇಟೆಯ ತೊಗಲಿನ ಕೆಲಸಗಾರರು ಜಗತ್ತಿನ ದೊಡ್ಡ ಕಂಪನಿಗಳಿಗೆ ಶೂ ಮಾಡಿಕೊಡುವವರು, ಕೈಚಳಕಕ್ಕೆ ನಮ್ಮಲ್ಲಿ ಬರವಿಲ್ಲ.

ಕೊಂಡ ಮೇಲೆ ಒಂದೇ ಜೋಡಿಯನ್ನು ದಿನವೂ ಮೆಟ್ಟದಿದ್ದರೆ ಒಳ್ಳೆಯದು. ಒಳಗಿನ ಬೆವರು ಆರಲು ಒಂದು ದಿನ ಬೇಕು. ಎರಡು ಸಾಧಾರಣ ಜೋಡಿಗಳು ಸರದಿಯಲ್ಲಿ ಬಾಳುವಷ್ಟು ಕಾಲ ಒಂದು ದುಬಾರಿ ಜೋಡಿ ಬಾಳುವುದಿಲ್ಲ. ಮಳೆಯಲ್ಲಿ ನೆಂದರೆ ಒಳಹಾಸು, ಲೇಸು ತೆಗೆದು, ಒಳಗೆ ಹಳೆಯ ಪೇಪರ್ ತುರುಕಿ ಫ್ಯಾನಿನ ಕೆಳಗಿಡಿ. ಬಿಳಿ ಅಸ್ತರಿಗೆ ಅಚ್ಚಿನ ಮಸಿ ಹತ್ತೀತೆಂದರೆ ಪೇಪರಿಗೆ ಒಂದು ಬಿಳಿ ಹಾಳೆ ಸುತ್ತಿ. ಬಿಸಿಲಿಗೆ ಇಡಬೇಡಿ, ಅಂಟು ಬಿಡುತ್ತದೆ. ಬಿಳಿ ಕ್ಯಾನ್ವಾಸ್ ಒಗೆದಾಗ ಸೋಪು ಪೂರ್ತಿ ಹೋಗುವ ತನಕ ನೀರಲ್ಲಿ ಜಾಲಿಸಿ, ಉಳಿದ ಸೋಪೇ ಒಣಗಿ ಹಳದಿ ಕಲೆಯಾಗುತ್ತದೆ. ಹೊಸ ಶೂ ತಂದ ದಿನವೇ ಸೈಡ್ ಹೊಲಿಗೆ ಹಾಕಿಸುವ ರೂಢಿ ನಮ್ಮಲ್ಲಿದೆ. ಹೊಲಿಯದೆ ಬರೀ ಅಂಟಿಸಿದ ಕಪ್‌ಸೋಲ್‌ಗೆ ಅದು ಸರಿ. ಕಾವಿನಲ್ಲಿ ಬೇಯಿಸಿದ ಕ್ಯಾನ್ವಾಸ್ ಶೂವಿಗೆ, ನೊರೆಯ ತಳಕ್ಕೆ ಬೇಡ. ಸೂಜಿಯ ತೂತುಗಳಿಂದ ನೀರು ಒಳಗೆ ಬರುತ್ತದೆ, ನೊರೆಯಂತೂ ಹೊಲಿಗೆಯ ಗುಂಟ ಹರಿಯುತ್ತದೆ.

ಸೋದರಳಿಯ ಹಾಳೆಯ ಮೇಲೆ ಪಾದದ ಗೆರೆ ಎಳೆಸಿಕೊಂಡ. ಬಲಗಾಲು ಎಡಗಾಲಿಗಿಂತ ನಾಲ್ಕು ಮಿಲಿಮೀಟರ್ ಉದ್ದವಿತ್ತು, ಇಪ್ಪತ್ತೆರಡು ವರ್ಷ ಅದು ಅವನಿಗೆ ಗೊತ್ತಿರಲಿಲ್ಲ. ಮೂರು ಅಂಗಡಿ ಸುತ್ತಿದ. ಮನಸ್ಸಿನಲ್ಲಿದ್ದ ಬಿಳಿ ಜೋಡಿಯ ಒಳಹಾಸಿನ ಮೇಲೆ ನಿಂತಾಗ ಕಿರುಬೆರಳು ಅಂಚು ದಾಟಿತು, ಬೇಸರದಿಂದಲೇ ವಾಪಸ್ ಇಟ್ಟ. ಕೊನೆಗೆ ಕೊಂಡದ್ದು ಮುಂಭಾಗ ಅಗಲವಿರುವ, ಬೂದುಬಣ್ಣದ ತೊಗಲಿನ, ಬದಿಗೆ ಹೊಲಿಗೆಯಿರುವ ಒಂದು ಜೋಡಿ. ಐದು ತಿಂಗಳಾಯಿತು. ಮೊನ್ನೆ ಭಾನುವಾರ ಊಟಕ್ಕೆ ಬಂದಿದ್ದ. ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ಅವರಮ್ಮ ಕೊಟ್ಟ ಹೋಳಿಗೆಯ ಡಬ್ಬಿ. ಗೋಡೆ ಹಿಡಿಯದೆ, ಬಗ್ಗದೆ ಹೊಸ್ತಿಲಾಚೆ ಶೂ ಬಿಟ್ಟು ಒಳಗೆ ಬಂದ. ಅವನು ಕೈತೊಳೆಯಲು ಹೋದಾಗ ನಾನು ಬಾಗಿಲಿಗೆ ಹೋಗಿ ಶೂವಿನ ಹಿಂಭಾಗವನ್ನು ಒತ್ತಿ ನೋಡಿದೆ. ಇನ್ನೂ ಸೆಟೆದು ನಿಂತಿತ್ತು.